ಯೀಲ್ಡ್: ಒಂದೇ ಒಂದು ಇಂಗ್ಲಿಷ್ ಪದವನ್ನು ಪೂರ್ತಿ ಕಲಿಯೋಣ

ಗೋಣಿಕೊಪ್ಪದಲ್ಲಿ ಪಿಯುಸಿ ಮಕ್ಕಳು, ಅವರ ಮನೆಯವರು, ಸುತ್ತಲಿನ ಕೆಲವು ಬೆಳೆಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ. ಮಕ್ಕಳು ದಿನಕ್ಕೆ ಹತ್ತು ಪದ, ಇಪ್ಪತ್ತು ಪದ ಅಂತ ಉರು ಹೊಡೆಯುವುದನ್ನು ನೋಡುತ್ತಲೇ ಇದ್ದೇನೆ. ನೋಟ್‌ಬುಕ್ಕಿನಲ್ಲಿ ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ, ನಡುವೆ ಒಂದು ಗೆರೆ. ಪರೀಕ್ಷೆಯಲ್ಲಿ ಅರ್ಥ ಕೇಳಿದರೆ ಥಟ್ಟನೆ ಹೇಳುತ್ತಾರೆ. ಆದರೆ ಅದೇ ಪದ ಹಾಕಿ ಒಂದು ವಾಕ್ಯ ಬರೆಯಿರಿ ಅಂದರೆ ಪೆನ್ನು ನಿಂತುಬಿಡುತ್ತದೆ. ಯಾಕೆ ಅಂದರೆ ಅವರು ಕಲಿತದ್ದು ಪದದ ಬದಲಿಗೆ ಕನ್ನಡದಲ್ಲಿ ಏನು ಇಡಬಹುದು ಅನ್ನುವುದನ್ನು ಮಾತ್ರ. ಆ ಪದ ಇಂಗ್ಲಿಷಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಅವರಿಗೆ ಯಾರೂ ತೋರಿಸಿಲ್ಲ.

ಅದಕ್ಕೇ ನಾನು ಆರಿಸಿಕೊಂಡ ಪದ 'ಯೀಲ್ಡ್'. ಕೊಡಗಿನವರಿಗೆ ಇದು ಹೊಸ ಪದ ಅಲ್ಲ. ಇಂಗ್ಲಿಷ್ ಶಾಲೆಗೆ ಹೋಗದ ಹಿರಿಯರೂ 'ಈ ಸಲ ಯೀಲ್ಡ್ ಕಮ್ಮಿ', 'ಹೂಮಳೆ ಸರಿಯಾಗಿ ಬಿದ್ದಿದ್ದರೆ ಯೀಲ್ಡ್ ಬರ್ತಿತ್ತು' ಅಂತ ಮಾತಾಡುತ್ತಾರೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆ ನಮ್ಮದು. ರೈಟರ್, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಪಾರ್ಚ್‌ಮೆಂಟ್, ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು), ಬೋರರ್ ಎಲ್ಲವೂ ನಮ್ಮ ಮನೆಮಾತು ಆಗಿಹೋಗಿವೆ. ಇವನ್ನೆಲ್ಲ ಯಾರೂ ಡಿಕ್ಷನರಿ ನೋಡಿ ಕಲಿಯಲಿಲ್ಲ. ತೋಟದಲ್ಲಿ, ಕಣದಲ್ಲಿ, ಕೆಲಸದ ನಡುವೆ ಕಿವಿಗೆ ಬಿದ್ದವು. ಯಾವಾಗ ಹೇಳಬೇಕು, ಯಾವುದಕ್ಕೆ ಹೇಳಬೇಕು ಅನ್ನುವುದೂ ಜೊತೆಯಲ್ಲೇ ಬಂತು. ಒಂದು ಪದವನ್ನು ನಿಜವಾಗಿ ಕಲಿಯುವುದು ಹೀಗೇ. ಶಾಲೆಯಲ್ಲೂ ಇದೇ ದಾರಿ ಹಿಡಿಯಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಸರಿ, ಯೀಲ್ಡ್‌ಗೆ ಬರೋಣ. ಯಾವುದೇ ಇಂಗ್ಲಿಷ್-ಕನ್ನಡ ನಿಘಂಟು ತೆಗೆಯಿರಿ. ಇಳುವರಿ, ಫಸಲು, ಉತ್ಪತ್ತಿ ಅಂತ ಇರುತ್ತದೆ. ಅದರ ಪಕ್ಕದಲ್ಲೇ ಮಣಿ, ಸೋಲೊಪ್ಪು, ಶರಣಾಗು, ಬಿಟ್ಟುಕೊಡು ಅಂತಲೂ ಇರುತ್ತದೆ. ಓದುವ ಮಗುವಿಗೆ ತಲೆ ತಿರುಗುತ್ತದೆ. ಫಸಲಿಗೂ ಶರಣಾಗತಿಗೂ ಏನು ಸಂಬಂಧ? ಕಾಫಿ ಗಿಡ ಯಾರಿಗೆ ಶರಣಾಗುತ್ತದೆ? ಎರಡು ಬೇರೆ ಬೇರೆ ಪದಗಳು ಹೇಗೋ ಒಂದೇ ಸ್ಪೆಲ್ಲಿಂಗ್ ಹಾಕಿಕೊಂಡಿವೆ ಅನ್ನಿಸುತ್ತದೆ. ಹಾಗೆ ಆಗುವುದೂ ಉಂಟು. ಕಾಂಡಕೊರಕಕ್ಕೆ ನಾವು ಬೋರರ್ ಅನ್ನುತ್ತೇವಲ್ಲ, ಅಲ್ಲಿನ 'ಬೋರ್' ಅಂದರೆ ಕೊರೆಯುವುದು. ಬೋರ್‌ವೆಲ್ ಅನ್ನುವುದರಲ್ಲೂ ಅದೇ. ಆದರೆ 'ಕ್ಲಾಸು ಬೋರ್ ಆಯ್ತು' ಅನ್ನುವ ಬೋರ್ ಎಲ್ಲಿಂದ ಬಂತು ಅಂತ ಪದಗಳ ಚರಿತ್ರೆ ಬಲ್ಲವರಿಗೂ ಖಚಿತವಾಗಿ ಹೇಳಲು ಆಗಿಲ್ಲ. ಯೀಲ್ಡ್ ಹಾಗಲ್ಲ. ಅದು ಒಂದೇ ಪದ. ಎರಡು ಅರ್ಥಗಳೂ ಒಂದೇ ಬೇರಿನಿಂದ ಬಂದಿವೆ.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ಅರ್ಥ 'ಪಾವತಿ ಮಾಡು, ಸಲ್ಲಿಸು' ಅಂತ ಇತ್ತು. ಜರ್ಮನ್ ಭಾಷೆಯಲ್ಲಿ ಹಣಕ್ಕೆ ಇವತ್ತಿಗೂ ಗೆಲ್ಟ್ ಅನ್ನುತ್ತಾರೆ. ಅದೂ ಇದೇ ಕುಟುಂಬದ್ದು. ಕೊಡಬೇಕಾದ್ದನ್ನು ಕೊಡುವುದು, ಸಲ್ಲಬೇಕಾದ್ದನ್ನು ಸಲ್ಲಿಸುವುದು. ಇಲ್ಲಿಂದ ಎರಡು ಕವಲು ಒಡೆದವು. ನೆಲ ತನ್ನನ್ನು ನೋಡಿಕೊಂಡವನಿಗೆ ಫಲ ಸಲ್ಲಿಸುತ್ತದೆ. ಅದು ಇಳುವರಿ ಆಯಿತು. ಸೋತವನು ಕೋಟೆಯನ್ನೋ ಕತ್ತಿಯನ್ನೋ ಗೆದ್ದವನಿಗೆ ಒಪ್ಪಿಸುತ್ತಾನೆ. ಅದು ಶರಣಾಗತಿ ಆಯಿತು. ಎರಡರಲ್ಲೂ ನಡೆಯುವುದು ಒಂದೇ: ತನ್ನಲ್ಲಿದ್ದದ್ದನ್ನು ಇನ್ನೊಬ್ಬರ ಕೈಗೆ ಕೊಡುವುದು.

ಇದನ್ನು ಹಿಡಿದು ಸ್ವಲ್ಪ ಕನ್ನಡದ ಕಡೆ ನೋಡಿ. ನಮ್ಮಲ್ಲಿ ಒಂದು ಪುಟ್ಟ ಕ್ರಿಯಾಪದ ಇದೆ: ಬಿಡು. 'ಗಿಡ ಈ ಸಲ ಚೆನ್ನಾಗಿ ಕಾಯಿ ಬಿಟ್ಟಿದೆ' ಅನ್ನುತ್ತೇವೆ. 'ಸ್ವಲ್ಪ ದಾರಿ ಬಿಡಿ' ಅನ್ನುತ್ತೇವೆ. 'ಅಣ್ಣ ಜಾಗ ಬಿಟ್ಟುಕೊಟ್ಟ', 'ಏನೇ ಹೇಳಿದರೂ ಅವನು ಪಟ್ಟು ಬಿಡಲಿಲ್ಲ' ಅನ್ನುತ್ತೇವೆ. ಕಾಯಿ ಬಿಡುವುದು, ದಾರಿ ಬಿಡುವುದು, ಪಟ್ಟು ಬಿಡುವುದು. ಈ ಮೂರಕ್ಕೂ ಇಂಗ್ಲಿಷಿನಲ್ಲಿ ಯೀಲ್ಡ್ ಒದಗುತ್ತದೆ. ಬೇರೆ ಬೇರೆ ಕುಟುಂಬದ ಎರಡು ಭಾಷೆಗಳು, ಒಂದರ ಗೊಡವೆ ಇನ್ನೊಂದಕ್ಕೆ ಇಲ್ಲದೆ, ಒಂದೇ ರೀತಿ ಯೋಚಿಸಿವೆ. ನನಗೆ ಇದು ಬಹಳ ಖುಷಿ ಕೊಡುವ ಸಂಗತಿ. ಕನ್ನಡ ಗೊತ್ತಿರುವ ಮಗುವಿಗೆ ಇಂಗ್ಲಿಷ್ ಕಷ್ಟ ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಆ ಮಗುವಿನ ತಲೆಯಲ್ಲಿ ಯೀಲ್ಡ್ ಕೂರಲು ಜಾಗ ಆಗಲೇ ಸಿದ್ಧ ಇದೆ.

ಆದರೆ ಒಂದು ಎಚ್ಚರಿಕೆ. ಬಿಡು ಅಂದ ಕಡೆಯಲ್ಲೆಲ್ಲ ಯೀಲ್ಡ್ ಹಾಕಲು ಬರುವುದಿಲ್ಲ. 'ಬೀಡಿ ಸೇದುವುದು ಬಿಟ್ಟರು' ಅನ್ನುವಲ್ಲಿ 'ಗೇವ್ ಅಪ್' ಅನ್ನಬೇಕು. 'ಹಸು ಬಿಟ್ಟರು' ಅನ್ನುವಲ್ಲಿ 'ಲೆಟ್ ಲೂಸ್' ಅನ್ನಬೇಕು. ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಅಂತ ತಿಳಿಯಬೇಕಾದರೆ ವಾಕ್ಯಗಳ ಒಳಗೆ ಇಳಿಯಲೇಬೇಕು.

ಮೊದಲು ಕೇಳಬೇಕಾದ ಪ್ರಶ್ನೆ: ಯೀಲ್ಡ್ ಮಾಡುವುದು ಯಾರು? ನೆನಪಿಡಿ ಮಕ್ಕಳೇ, ಇದು ತುಂಬಾ ಮುಖ್ಯ. ಫಸಲಿನ ಅರ್ಥದಲ್ಲಿ ಯೀಲ್ಡ್ ಮಾಡುವುದು ಗಿಡ, ಬಳ್ಳಿ, ನೆಲ, ತೋಟ, ಜೇನುಪೆಟ್ಟಿಗೆ. 'ದಿ ವೈನ್ಸ್ ಯೀಲ್ಡೆಡ್ ವೆಲ್' ಅಂದರೆ ಮೆಣಸಿನ ಬಳ್ಳಿ ಚೆನ್ನಾಗಿ ಬಿಟ್ಟಿತು. 'ದಿ ಎಸ್ಟೇಟ್ ಯೀಲ್ಡೆಡ್ ಟೂ ಹಂಡ್ರೆಡ್ ಬ್ಯಾಗ್ಸ್' ಅಂದರೆ ತೋಟದಿಂದ ಇನ್ನೂರು ಬ್ಯಾಗ್ ಬಂತು. ಆದರೆ 'ದಿ ಫಾರ್ಮರ್ ಯೀಲ್ಡ್ಸ್ ಕಾಫಿ' ಅಂತ ಬರೆದರೆ ತಪ್ಪು. ರೈತ ಕಾಫಿ ಬಿಡುವುದಿಲ್ಲ, ಗಿಡ ಬಿಡುತ್ತದೆ. ರೈತ ಬೆಳೆಯುತ್ತಾನೆ, ಅದಕ್ಕೆ 'ಗ್ರೋಸ್' ಅನ್ನಬೇಕು. ಇಷ್ಟೇ ಅಲ್ಲ. 'ದಿ ಫಾರ್ಮರ್ ಯೀಲ್ಡೆಡ್' ಅಂತ ಸುಮ್ನೆ ನಿಲ್ಲಿಸಿಬಿಟ್ಟರೆ ಓದುವವರಿಗೆ 'ರೈತ ಮಣಿದ' ಅಂತ ಅರ್ಥವಾಗುತ್ತದೆ. ಮನುಷ್ಯ ಕರ್ತೃವಾಗಿ ಬಂದ ತಕ್ಷಣ ಪದ ತನ್ನ ಇನ್ನೊಂದು ಮುಖ ತೋರಿಸುತ್ತದೆ. ಬಲಗಡೆ 'ಇಳುವರಿ' ಅಂತ ಬರೆದುಕೊಂಡ ನೋಟ್‌ಬುಕ್ ಇದನ್ನು ನಿಮಗೆ ಹೇಳುವುದೇ ಇಲ್ಲ.

ಎರಡನೆಯ ಪ್ರಶ್ನೆ: ಪದದ ಹಿಂದೆ 'ಟು' ಬರುತ್ತದೋ ಇಲ್ಲವೋ? ಫಲ ಕೊಡುವಾಗ 'ಟು' ಬೇಡ. ಕೊಟ್ಟದ್ದು ಏನೋ ಅದು ನೇರವಾಗಿ ಬರುತ್ತದೆ. ಮಣಿಯುವಾಗ 'ಟು' ಬೇಕು. ಯಾವುದಕ್ಕೆ ಮಣಿದರೋ ಅದು 'ಟು' ಆದಮೇಲೆ ಬರುತ್ತದೆ. 'ಯೀಲ್ಡೆಡ್ ಟು ಪ್ರೆಷರ್', ಒತ್ತಡಕ್ಕೆ ಮಣಿದರು. 'ಯೀಲ್ಡೆಡ್ ಟು ಟೆಂಪ್ಟೇಶನ್', ಆಸೆಗೆ ಸೋತರು. ಕನ್ನಡದಲ್ಲಿ ಒತ್ತಡಕ್ಕೆ, ಆಸೆಗೆ ಅಂತ 'ಕ್ಕೆ', 'ಗೆ' ಬರುತ್ತವಲ್ಲ, ಅದೇ ಜಾಗ. ಈ ಪುಟ್ಟ 'ಟು' ಒಂದೇ ಅರ್ಥವನ್ನು ಫಸಲಿನಿಂದ ಸೋಲಿಗೆ ತಿರುಗಿಸಿಬಿಡುತ್ತದೆ.

ನಾಮಪದವಾದಾಗ ಅದರ ಒಡನಾಡಿಗಳು ಯಾರು ಅಂತ ನೋಡೋಣ. ನಾವು ಕನ್ನಡದಲ್ಲಿ 'ಇಳುವರಿ ಜಾಸ್ತಿ' ಅನ್ನುತ್ತೇವೆ. ಅದನ್ನೇ ಎತ್ತಿಕೊಂಡು ಮಕ್ಕಳು 'ದಿ ಯೀಲ್ಡ್ ಈಸ್ ಮೋರ್' ಅಂತ ಬರೆಯುತ್ತಾರೆ. ಇಂಗ್ಲಿಷಿನವರ ಕಿವಿಗೆ ಇದು ಒಗ್ಗುವುದಿಲ್ಲ. ಯೀಲ್ಡ್ ಅವರ ಲೆಕ್ಕದಲ್ಲಿ ಎತ್ತರ-ತಗ್ಗಿನಲ್ಲಿ ಇರುತ್ತದೆ. 'ಹೈ ಯೀಲ್ಡ್', 'ಲೋ ಯೀಲ್ಡ್', 'ದಿ ಯೀಲ್ಡ್ ಈಸ್ ಹೈಯರ್ ದಿಸ್ ಇಯರ್'. ಯೀಲ್ಡ್ ಏರುತ್ತದೆ, ಇಳಿಯುತ್ತದೆ, ಬೀಳುತ್ತದೆ. 'ಗುಡ್', 'ಪೂರ್', 'ಆ್ಯವರೇಜ್' ಕೂಡ ಅದರ ಜೊತೆ ಹೊಂದುತ್ತವೆ. ಅಳತೆ ಹೇಳುವಾಗ 'ಪರ್' ಬರುತ್ತದೆ: 'ಯೀಲ್ಡ್ ಪರ್ ಏಕರ್'. ನಮ್ಮವರು 'ಎಕರೆಗೆ ಎಷ್ಟು ಬ್ಯಾಗ್ ಆಯ್ತು' ಅಂತ ಕೇಳುತ್ತಾರಲ್ಲ, ಆ ಮಾತಿನ ಇಂಗ್ಲಿಷ್ ರೂಪವೇ ಅದು. ತಳಿಯ ಬಗ್ಗೆ ಹೇಳುವಾಗ 'ಹೈ-ಯೀಲ್ಡಿಂಗ್' ಅನ್ನುತ್ತಾರೆ. ಕೇರಳದ ಪಣಿಯೂರಿನಿಂದ ಬಂದ ಮೆಣಸಿನ ಹೈಬ್ರಿಡ್ ತಳಿಯನ್ನು ನಮ್ಮವರು ಹಾಕಿದ್ದು ಅದು ಹೈ-ಯೀಲ್ಡಿಂಗ್ ಅಂತಲೇ.

ನಮ್ಮ ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಗದ್ದೆಯಲ್ಲಿ ನಿಂತು 'ಪೊಲಿ ಪೊಲಿ ದೇವಾ' ಅಂತ ಕೂಗುತ್ತೇವೆ. ಹೆಚ್ಚಲಿ, ಸಮೃದ್ಧಿ ಆಗಲಿ ಅಂತ ದೇವರಲ್ಲಿ ಕೇಳುವ ಮಾತು. ಹೊರಗಿನಿಂದ ಬಂದ ಗೆಳೆಯರಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದರೆ 'ಮೇ ದಿ ಯೀಲ್ಡ್ ಇನ್‌ಕ್ರೀಸ್' ಅನ್ನಬಹುದು. ಆ ಕೂಗಿನ ಬಿಸಿ ಅದರಲ್ಲಿ ಬರುವುದಿಲ್ಲ, ಆದರೆ ಅರ್ಥ ಸರಿಯಾಗಿ ಮುಟ್ಟುತ್ತದೆ.

ಅಕ್ಕಪಕ್ಕದ ಪದಗಳನ್ನೂ ಸ್ವಲ್ಪ ನೋಡಿಬಿಡೋಣ. 'ಕ್ರಾಪ್' ಅಂದರೆ ಬೆಳೆ, ಗಿಡದ ಮೇಲೆ ಇರುವಂಥದ್ದು. 'ಹಾರ್ವೆಸ್ಟ್' ಅಂದರೆ ಕೊಯ್ಲು, ಆ ಕೆಲಸ ಮತ್ತು ಆ ಕಾಲ. 'ಪ್ರೊಡಕ್ಷನ್' ಅಂದರೆ ಒಟ್ಟು ಉತ್ಪಾದನೆ. ಯೀಲ್ಡ್ ಅಂದರೆ ಇಷ್ಟು ಜಾಗಕ್ಕೆ ಇಷ್ಟು ಅನ್ನುವ ಲೆಕ್ಕ. ಜಿಲ್ಲೆಯಲ್ಲಿ ಹೊಸದಾಗಿ ತೋಟ ಮಾಡುತ್ತಾ ಹೋದರೆ ಪ್ರೊಡಕ್ಷನ್ ಏರಬಹುದು, ಯೀಲ್ಡ್ ಮಾತ್ರ ಇದ್ದಲ್ಲೇ ಇರಬಹುದು. ರೊಬಸ್ಟಾ ಸಾಮಾನ್ಯವಾಗಿ ಎಕರೆಗೆ ಅರೇಬಿಕಾಕ್ಕಿಂತ ಜಾಸ್ತಿ ಕೊಡುತ್ತದೆ ಅನ್ನುವಾಗ ನಾವು ಹೇಳುತ್ತಿರುವುದು ಯೀಲ್ಡ್ ಬಗ್ಗೆ. ಪತ್ರಿಕೆಗಳಲ್ಲೇ ಈ ಎರಡನ್ನು ಕಲಸಿಬಿಡುತ್ತಾರೆ. ಬೆಳೆಗಾರರ ಮಕ್ಕಳಾದರೂ ಕಲಸಬಾರದು.

ಈಗ ತೋಟದಿಂದ ರಸ್ತೆಗೆ ಬರೋಣ. ಸಂಪಾಜೆ ಘಾಟಿಯಲ್ಲಿ ಗಾಡಿ ಓಡಿಸುವವರಿಗೆಲ್ಲ ಗೊತ್ತಿರುವ ನಿಯಮ ಇದು. ಇಕ್ಕಟ್ಟಾದ ಜಾಗದಲ್ಲಿ ಇಳಿಯುವ ಗಾಡಿ ಏರುವ ಗಾಡಿಗೆ ದಾರಿ ಬಿಡಬೇಕು. ಏರುವ ಗಾಡಿ ನಿಂತರೆ ಮತ್ತೆ ಹೊರಡಿಸುವುದು ಕಷ್ಟ. ಅದಕ್ಕೇ ಈ ನಿಯಮ. ಇಂಗ್ಲಿಷಿನಲ್ಲಿ ಹೇಳಿದರೆ 'ಯೀಲ್ಡ್ ಟು ಅಪ್‌ಹಿಲ್ ಟ್ರಾಫಿಕ್'. ಅಮೆರಿಕದ ರಸ್ತೆಗಳಲ್ಲಿ ತಲೆಕೆಳಗಾದ ತ್ರಿಕೋನದ ಬೋರ್ಡಿನ ಮೇಲೆ ಯೀಲ್ಡ್ ಅಂತಲೇ ಬರೆದಿರುತ್ತದೆ. ಇಂಗ್ಲೆಂಡಿನಲ್ಲಿ ಅದೇ ಬೋರ್ಡಿಗೆ 'ಗಿವ್ ವೇ' ಅನ್ನುತ್ತಾರೆ. ನಮ್ಮ ದೇಶದಲ್ಲೂ 'ಗಿವ್ ವೇ' ಅನ್ನುವುದೇ ರೂಢಿ. ಓದಲಿಕ್ಕೆ ಅಂತ ಅಮೆರಿಕಕ್ಕೆ ಹೋದ ನಮ್ಮ ಹುಡುಗರು ಆ ಬೋರ್ಡು ನೋಡಿ ಇಲ್ಲಿ ಏನು ಬೆಳೆಯುತ್ತಾರೆ ಅಂತ ಯೋಚಿಸುವಂತೆ ಆಗಬಾರದು.

'ಗಿವ್ ವೇ' ಅಂದಾಗ ಇನ್ನೊಂದು ಮಾತು ನೆನಪಾಗುತ್ತದೆ. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಕುಸಿದವು. ಅದನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ದಿ ಹಿಲ್‌ಸೈಡ್ ಗೇವ್ ವೇ' ಅನ್ನಬೇಕು. 'ದಿ ಹಿಲ್‌ಸೈಡ್ ಯೀಲ್ಡೆಡ್' ಅಂತ ಬರೆದರೆ ಓದುವವರು ಏನೋ ಬೆಳೆ ಬಂತು ಅಂದುಕೊಂಡು ಮುಂದಿನ ಪದ ಹುಡುಕುತ್ತಾರೆ. ದಾರಿ ಬಿಡುವ ಅರ್ಥದಲ್ಲಿ ಈ ಎರಡೂ ಒಂದೇ. ಕುಸಿಯುವ ಅರ್ಥದಲ್ಲಿ ಬೇರೆ ಬೇರೆ. ಸಮಾನಾರ್ಥಕ ಪದ ಅಂತ ಪಟ್ಟಿಯಲ್ಲಿ ಒಟ್ಟಿಗೆ ಕೊಟ್ಟಿರುವುದನ್ನು ಎಲ್ಲಾ ಕಡೆ ಅದಲು ಬದಲು ಮಾಡಲು ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮನೆ ಕಟ್ಟುವವರು ಕಬ್ಬಿಣದ ಸರಳು ತರಿಸುತ್ತೀರಿ. ಅದರ ಮೇಲೆ ಎಫ್ಇ 500 ಅಂತ ಅಚ್ಚು ಇರುತ್ತದೆ. ಎಫ್ಇ ಅಂದರೆ ಕಬ್ಬಿಣದ ಸಂಕೇತ, ರಸಾಯನಶಾಸ್ತ್ರದ ಮಕ್ಕಳಿಗೆ ಗೊತ್ತು. 500 ಯಾವುದು? ಅದು ಆ ಸರಳಿನ ಯೀಲ್ಡ್ ಸ್ಟ್ರೆಂತ್. ಒಂದು ಚದರ ಮಿಲಿಮೀಟರಿಗೆ 500 ನ್ಯೂಟನ್ ಬಲ ಬೀಳುವ ತನಕ ಸರಳು ಹಿಗ್ಗಿದರೂ ಬಲ ತೆಗೆದ ಮೇಲೆ ಮೊದಲಿನ ಆಕಾರಕ್ಕೆ ಬರಬೇಕು. ಆ ಮಟ್ಟ ದಾಟಿದರೆ ಅದು ಮಣಿಯುತ್ತದೆ, ಹಾಗೆಯೇ ಉಳಿದುಬಿಡುತ್ತದೆ. ಎಂಜಿನಿಯರುಗಳು 'ದಿ ಸ್ಟೀಲ್ ಯೀಲ್ಡ್ಸ್' ಅನ್ನುವುದು ಅದಕ್ಕೆ. ಲಾರಿಯಿಂದ ಇಳಿಸುವಾಗ ಒಂದು ಸಲ ಆ ಅಚ್ಚು ಹುಡುಕಿ ನೋಡಿ. ನಿಮ್ಮ ಮನೆಯ ಕಂಬದ ಒಳಗೆ ಈ ಪದ ಹೂತುಕೊಂಡಿದೆ.

ಪತ್ರಿಕೆಯ ವಾಣಿಜ್ಯ ಪುಟದಲ್ಲಿ 'ಬಾಂಡ್ ಯೀಲ್ಡ್' ಅಂತ ಬರುತ್ತದೆ. ಇದೂ ಕಷ್ಟ ಏನಲ್ಲ. ಬಾಂಡ್ ಅಂದರೆ ಸಾಲ ಕೊಟ್ಟದ್ದಕ್ಕೆ ಸಿಗುವ ಪತ್ರ. ನೂರು ರೂಪಾಯಿಯ ಒಂದು ಬಾಂಡ್ ವರ್ಷಕ್ಕೆ ಏಳು ರೂಪಾಯಿ ಬಡ್ಡಿ ಕೊಡುತ್ತದೆ ಅಂತ ಇಟ್ಟುಕೊಳ್ಳಿ. ನೂರು ಕೊಟ್ಟು ಕೊಂಡವರಿಗೆ ಯೀಲ್ಡ್ ಶೇಕಡ 7. ಅದೇ ಬಾಂಡ್ ಸಂತೆಯಲ್ಲಿ ಎಪ್ಪತ್ತಕ್ಕೆ ಸಿಕ್ಕಿದರೆ? ಬಡ್ಡಿ ಏಳೇ. ಆದರೆ ಹಾಕಿದ ದುಡ್ಡಿಗೆ ಲೆಕ್ಕ ಹಾಕಿದರೆ ಶೇಕಡ 10. ಬಾಂಡಿನ ಬೆಲೆ ಇಳಿದರೆ ಯೀಲ್ಡ್ ಏರುತ್ತದೆ ಅನ್ನುವ ಸುದ್ದಿಯ ಗುಟ್ಟು ಇಷ್ಟೇ. ಹಾಕಿದ್ದಕ್ಕೆ ಬಂದದ್ದು ಎಷ್ಟು ಅನ್ನುವ ತೋಟದ ಲೆಕ್ಕವೇ ಇಲ್ಲೂ ನಡೆಯುತ್ತದೆ. ಎಕರೆಯ ಜಾಗದಲ್ಲಿ ರೂಪಾಯಿ ಬಂದಿದೆ.

ಲೋಕಸಭೆಯ ಕಲಾಪವನ್ನು ಟಿವಿಯಲ್ಲಿ ನೋಡುವವರು ಗಮನಿಸಿರಬಹುದು. ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರು ಎದ್ದು ನಿಂತು ನಡುವೆ ಮಾತಾಡಲು ನೋಡುತ್ತಾರೆ. ಆಗ ಮೊದಲಿನವರು 'ಐ ಆ್ಯಮ್ ನಾಟ್ ಯೀಲ್ಡಿಂಗ್' ಅನ್ನುತ್ತಾರೆ. ನನ್ನ ಸರದಿಯನ್ನು ಬಿಟ್ಟುಕೊಡುವುದಿಲ್ಲ ಅಂತ. ಮಾತಿನ ಸರದಿಯೂ ಕೈಯಲ್ಲಿರುವ ಒಂದು ವಸ್ತು, ಕೊಡಬಹುದು, ಕೊಡದೆ ಇರಬಹುದು ಅನ್ನುವ ಭಾವನೆ ಅದರ ಹಿಂದೆ ಇದೆ.

ಸೈನ್ಯದ ಮಾತು ಕೊಡಗಿನಲ್ಲಿ ಬಾರದೆ ಇರುತ್ತದೆಯೇ? ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ. 1948ರ ನವೆಂಬರ್ 1ರಂದು ಅವರ ನೇತೃತ್ವದಲ್ಲಿ ನಮ್ಮ ಸೈನ್ಯ ಟ್ಯಾಂಕುಗಳನ್ನು ಜೋಜಿಲಾ ಕಣಿವೆದಾರಿಯ ಎತ್ತರಕ್ಕೆ ಏರಿಸಿ ಅದನ್ನು ಗೆದ್ದಿತು. ಇದನ್ನು ಇಂಗ್ಲಿಷಿನಲ್ಲಿ ಬರೆಯುವ ಮಗು 'ಅವರ್ ಸೋಲ್ಜರ್ಸ್ ಡಿಡ್ ನಾಟ್ ಯೀಲ್ಡ್ ಗ್ರೌಂಡ್' ಅನ್ನಬಹುದು, ನಮ್ಮವರು ಹಿಡಿದ ನೆಲ ಬಿಟ್ಟುಕೊಡಲಿಲ್ಲ ಅಂತ. ಅಥವಾ 'ದಿ ಪಾಸ್ ಫೈನಲಿ ಯೀಲ್ಡೆಡ್' ಅನ್ನಬಹುದು, ಆ ದಾರಿ ಕಡೆಗೂ ಕೈವಶ ಆಯಿತು ಅಂತ. ಜಗ್ಗದ ಮನುಷ್ಯನನ್ನು 'ಅನ್‌ಯೀಲ್ಡಿಂಗ್' ಅನ್ನುತ್ತಾರೆ. ಇದು ಹೊಗಳಿಕೆಯೂ ಆಗಬಹುದು, ಹಟಮಾರಿ ಅನ್ನುವ ದೂರೂ ಆಗಬಹುದು. ಯಾವುದು ಅಂತ ಹೇಳುವುದು ಸುತ್ತಲಿನ ಮಾತು.

ಇನ್ನೊಂದು ಬಳಕೆ ಓದಿನಲ್ಲಿ ತುಂಬ ಸಿಗುತ್ತದೆ. 'ದಿ ಸರ್ಚ್ ಯೀಲ್ಡೆಡ್ ನಥಿಂಗ್', ಹುಡುಕಿದ್ದೇ ಬಂತು, ಏನೂ ಸಿಗಲಿಲ್ಲ. ತನಿಖೆ ಸುಳಿವು ಯೀಲ್ಡ್ ಮಾಡುತ್ತದೆ, ಪ್ರಯೋಗ ಫಲಿತಾಂಶ ಯೀಲ್ಡ್ ಮಾಡುತ್ತದೆ. ಇಲ್ಲೂ ಗಿಡದ ಜಾಗದಲ್ಲಿ ಒಂದು ಕೆಲಸ ಇದೆ, ಕಾಯಿಯ ಜಾಗದಲ್ಲಿ ಅದರಿಂದ ಸಿಕ್ಕಿದ್ದು ಇದೆ.

ಇಷ್ಟು ಹೇಳಿದ್ದು ಯಾಕೆ ಅಂದರೆ, ಒಂದು ಪದ ಯಾರ ಜೊತೆ ಓಡಾಡುತ್ತದೆ ಅನ್ನುವುದೇ ಅದರ ಅರ್ಥದ ಬಹುಪಾಲು. ಇದು ನನ್ನ ಸ್ವಂತ ಶೋಧ ಅಲ್ಲ. ಜೆ. ಆರ್. ಫರ್ತ್ ಅನ್ನುವ ಇಂಗ್ಲಿಷ್ ಭಾಷಾಶಾಸ್ತ್ರಜ್ಞ 1957ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದರು: ಪದವನ್ನು ಅದರ ಸಹವಾಸದಿಂದ ತಿಳಿಯಬೇಕು. ಅದಕ್ಕೆ ಮೊದಲು ಅವರು ಲಾಹೋರಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗಾಗಿ ಬಂದ ನಿಘಂಟಿನ ಕಥೆಯೂ ಹಾಗೇ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಪಾಠ ಮಾಡುತ್ತಿದ್ದರು. ಅಲ್ಲಿನ ಮಕ್ಕಳಿಗೆ ಪದದ ಅರ್ಥ ಗೊತ್ತಿದ್ದರೂ ವಾಕ್ಯ ಕಟ್ಟಲು ಬರುತ್ತಿರಲಿಲ್ಲ. ಯಾವ ಕ್ರಿಯಾಪದದ ಹಿಂದೆ ಏನು ಬರುತ್ತದೆ, ಯಾವ ನಾಮಪದವನ್ನು ಎಣಿಸಬಹುದು, ಯಾವುದನ್ನು ಎಣಿಸಲಾಗದು ಅಂತೆಲ್ಲ ಬಿಡಿಸಿ ತೋರಿಸುವ ನಿಘಂಟನ್ನು ಅವರು ಮತ್ತು ಸಂಗಡಿಗರು ಮಾಡಿದರು. 1942ರಲ್ಲಿ ಟೋಕಿಯೊದಲ್ಲಿ ಅದು ಅಚ್ಚಾಯಿತು. ಇವತ್ತು ಆಕ್ಸ್‌ಫರ್ಡಿನವರು ಕಲಿಯುವವರಿಗೆ ಅಂತ ಹೊರತರುವ ದಪ್ಪ ನಿಘಂಟು ಅದರದೇ ಮುಂದುವರಿಕೆ. ಮಕ್ಕಳ ಕೈಗೆ ಇಂಥ ನಿಘಂಟು ಕೊಡಿ. ಬರೀ ಅರ್ಥ ಹೇಳಿ ಮುಗಿಸುವ ಪಾಕೆಟ್ ಡಿಕ್ಷನರಿ ಸಾಲದು.

ಉಚ್ಚಾರದ ಬಗ್ಗೆ ಒಂದು ಮಾತು. ನಮ್ಮ ನಾಲಿಗೆಗೆ ಶುರುವಿನ 'ಯ್' ಸ್ವಲ್ಪ ಜಾರುತ್ತದೆ. 'ಎಂಟು' ಅನ್ನುವುದನ್ನು ಯೆಂಟು ಅನ್ನುತ್ತೇವೆ, 'ಇಯರ್' ಅಂತ ಕಿವಿಗೂ ವರ್ಷಕ್ಕೂ ಒಂದೇ ರೀತಿ ಹೇಳಿಬಿಡುತ್ತೇವೆ. ಯೀಲ್ಡ್ ಅನ್ನುವಾಗ 'ಯ್' ಕೇಳಿಸಬೇಕು, 'ಈ' ಉದ್ದ ಇರಬೇಕು. ಈಲ್ಡ್ ಅಲ್ಲ, ಯಿಲ್ಡ್ ಅಲ್ಲ.

ಇನ್ನು ನೆನಪಿಟ್ಟುಕೊಳ್ಳುವುದು. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿಜ್ಞಾನಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ್ದು ಇದು: ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬಹಳ ಬೇಗ ಮರೆಯುತ್ತದೆ, ಆಮೇಲೆ ಮರೆವಿನ ವೇಗ ಕಡಿಮೆ ಆಗುತ್ತದೆ. ಹಾಗಾಗಿ ಒಂದೇ ರಾತ್ರಿ ಇಪ್ಪತ್ತು ಸಲ ಓದುವುದಕ್ಕಿಂತ ಇವತ್ತು ಒಂದು ಸಲ, ನಾಳೆ ಒಂದು ಸಲ, ವಾರ ಬಿಟ್ಟು ಒಂದು ಸಲ ನೋಡುವುದು ಲೇಸು. ನೋಡುವುದು ಅಂದರೆ ಸುಮ್ನೆ ಕಣ್ಣಾಡಿಸುವುದಲ್ಲ. ಪುಸ್ತಕ ಮುಚ್ಚಿ, ನೆನಪಿನಿಂದ ಒಂದು ಹೊಸ ವಾಕ್ಯ ಬರೆಯಬೇಕು. ಆ ವಾಕ್ಯ ನಿಮ್ಮ ಮನೆಯದ್ದೇ ಆಗಿರಲಿ. ನಿಮ್ಮ ಕಿತ್ತಳೆ ಗಿಡದ್ದು, ನಿಮ್ಮ ಊರಿನ ರಸ್ತೆಯದ್ದು, ಅಜ್ಜಿಯ ಹತ್ತಿರ ನೀವು ಹಟ ಮಾಡಿ ಗೆದ್ದದ್ದು. 'ಮೈ ಗ್ರ್ಯಾಂಡ್‌ಮದರ್ ಯೀಲ್ಡೆಡ್ ಟು ಮೈ ರಿಕ್ವೆಸ್ಟ್' ಅಂತ ಒಮ್ಮೆ ಬರೆದ ಮಗು ಆ 'ಟು'ವನ್ನು ಸುಲಭಕ್ಕೆ ಮರೆಯುವುದಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಸಾರ್, ಒಂದು ಪದಕ್ಕೆ ಇಷ್ಟು ಹೊತ್ತು ಕೊಟ್ಟರೆ ಎಲ್ಲಾ ಪದ ಕಲಿಯುವುದು ಯಾವಾಗ?' ಒಳ್ಳೆಯ ಪ್ರಶ್ನೆ. ಎಲ್ಲಾ ಪದಕ್ಕೂ ಇಷ್ಟು ಕೊಡಬೇಕಾಗಿಲ್ಲಮ್ಮ. 'ಪಲ್ಪರ್' ಅನ್ನುವ ಪದಕ್ಕೆ ಒಂದೇ ಅರ್ಥ, ಒಂದು ಚಿತ್ರ ನೋಡಿದರೆ ಮುಗಿಯಿತು. ಹೆಚ್ಚು ಹೊತ್ತು ಬೇಡುವುದು ಯೀಲ್ಡ್, ಬೇರ್, ಹೋಲ್ಡ್, ರನ್ ಥರದ ಪುಟ್ಟ ಪದಗಳು. ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಕಲಿಯುವವರಿಗೆ ಅಂತ ಒಂದು ಪಟ್ಟಿ ಹೊರತಂದರು. ಅದರಲ್ಲಿ ಇದ್ದದ್ದು ಸುಮಾರು 2000 ಪದ. ಪ್ರತಿ ಪದದ ಯಾವ ಅರ್ಥ ಎಷ್ಟು ಬಳಕೆಯಲ್ಲಿದೆ ಅಂತಲೂ ಅದರಲ್ಲಿ ಗುರುತು ಮಾಡಿದ್ದರು. ಸಾಮಾನ್ಯ ಓದಿನಲ್ಲಿ ಬಹುಪಾಲು ಪದಗಳು ಇಷ್ಟರೊಳಗೇ ಬರುತ್ತವೆ. ಇವು ಗಟ್ಟಿಯಾದರೆ ಉಳಿದವು ಓದುತ್ತಾ ಬರುತ್ತವೆ.

ಒಬ್ಬ ತಾಯಿ ಕೇಳಿದರು: 'ಮನೆಯಲ್ಲಿ ಕೊಡವ ತಕ್ಕ್, ಪಕ್ಕದ ಮನೆಯವರ ಹತ್ತಿರ ಅರೆಭಾಷೆ, ಶಾಲೆಯಲ್ಲಿ ಕನ್ನಡ. ಮಗುವಿಗೆ ಗೊಂದಲ ಆಗೋದಿಲ್ವಾ?' ಆಗುವುದಿಲ್ಲ ಅಮ್ಮ. ನಿಮ್ಮ ಮಗು ಬಾಗಿಲು ದಾಟಿದ ಕೂಡಲೇ ಮಾತು ಬದಲಾಯಿಸುತ್ತದೆ. ಯಾರ ಹತ್ತಿರ ಯಾವ ಪದ ಸಲ್ಲುತ್ತದೆ ಅಂತ ಅದಕ್ಕೆ ಆಗಲೇ ಗೊತ್ತು. ನಾನು ಇಷ್ಟು ಹೊತ್ತು ಯೀಲ್ಡ್ ಬಗ್ಗೆ ಹೇಳಿದ್ದೂ ಅದನ್ನೇ. ಮನೆಯ ಮಾತನ್ನು ದಯವಿಟ್ಟು ನಿಲ್ಲಿಸಬೇಡಿ. ಇಂಗ್ಲಿಷ್ ಬರಲಿ ಅಂತ ಮನೆಯಲ್ಲೂ ಅರ್ಧಂಬರ್ಧ ಇಂಗ್ಲಿಷ್ ಮಾತಾಡಿದರೆ ಮಗುವಿಗೆ ಎರಡರಲ್ಲಿ ಒಂದೂ ದಕ್ಕುವುದಿಲ್ಲ.

ಕೊನೆಗೆ ಒಬ್ಬ ಹಿರಿಯ ಬೆಳೆಗಾರರು ಎದ್ದರು. 'ನಾವು ಕಾಫಿ ಮಾರುವಾಗ ಔಟ್‌ಟರ್ನ್ ಅನ್ನುತ್ತೇವೆ. ಅದನ್ನೂ ಯೀಲ್ಡ್ ಅನ್ನಬಹುದಾ?' ಅಂತ ಕೇಳಿದರು. ಸಭೆಯಲ್ಲಿ ಎಲ್ಲರೂ ಕಿವಿಗೊಟ್ಟರು, ದರದ ವಿಷಯ ಅಲ್ವಾ. ನಾನು ಹೇಳಿದ್ದು ಹೀಗೆ. ನಿಮ್ಮ ಒಣ ಚೆರ್ರಿಯಿಂದ ವ್ಯಾಪಾರಿ ಸ್ಯಾಂಪಲ್ ತೆಗೆಯುತ್ತಾರೆ. ಸಿಪ್ಪೆ ಬಿಡಿಸಿ, ಒಳಗಿನ ಬೀಜ ಎಷ್ಟು ತೂಗುತ್ತದೆ ಅಂತ ನೋಡುತ್ತಾರೆ. 50 ಕೆಜಿ ಬ್ಯಾಗಿಗೆ ಅರ್ಧದಷ್ಟು, ಚೆನ್ನಾಗಿದ್ದರೆ ಅದಕ್ಕಿಂತ ಸ್ವಲ್ಪ ಜಾಸ್ತಿ ಬೀಜ ಬರುತ್ತದೆ. ಆ ಲೆಕ್ಕ ಔಟ್‌ಟರ್ನ್. ಇಂಗ್ಲಿಷ್ ವಾಕ್ಯದಲ್ಲಿ 'ಎ ಬ್ಯಾಗ್ ಆಫ್ ಚೆರ್ರಿ ಯೀಲ್ಡ್ಸ್ ಟ್ವೆಂಟಿ ಸಿಕ್ಸ್ ಕಿಲೋಸ್ ಆಫ್ ಬೀನ್' ಅಂತ ಕ್ರಿಯಾಪದವಾಗಿ ಬಳಸಿದರೆ ತಪ್ಪೇನಿಲ್ಲ. ಬ್ಯಾಗು ಬೀಜ ಕೊಡುತ್ತದೆ, ಸರಿಯೇ. ಆದರೆ ನಾಮಪದವಾಗಿ ಬರೆಯುವಾಗ, ಮುಖ್ಯವಾಗಿ ಲೆಕ್ಕದ ಕಾಗದದಲ್ಲಿ, ಎರಡನ್ನೂ ಬೇರೆ ಬೇರೆಯಾಗಿಯೇ ಇಡಿ. ಯೀಲ್ಡ್ ಎಕರೆಗೆ, ಔಟ್‌ಟರ್ನ್ ಬ್ಯಾಗಿಗೆ. ಯೀಲ್ಡ್ ಚೆನ್ನಾಗಿ ಬಂದ ವರ್ಷವೇ ಬೀಜ ಜೊಳ್ಳಾಗಿ ಔಟ್‌ಟರ್ನ್ ಬಿದ್ದುಹೋಗುವುದು ಉಂಟು. ಅವರು ತಲೆಯಾಡಿಸಿ, ಪಕ್ಕದಲ್ಲಿ ಕೂತಿದ್ದ ಮೊಮ್ಮಗಳಿಗೆ ಅದನ್ನು ಬರೆದುಕೊಳ್ಳಲು ಹೇಳಿದರು.